ಯಜಮಾನರ ನೋಂದಣಿ

ಆ ಮನೆಯಲ್ಲಿ ಹನ್ನೊಂದು ವರ್ಷದಿಂದ ಸೊಸೆ ಬಕೆಟ್ಟಿನಲ್ಲಿ ಸ್ನಾನ ಮಾಡುತ್ತಿದ್ದಳು, ಆಮೆ ತೊಟ್ಟಿಯಲ್ಲಿ ಮಾಡುತ್ತಿತ್ತು. ತೊಟ್ಟಿ ಸಾಮಾನ್ಯದ್ದಲ್ಲ. ಬಿಳಿ ಪಿಂಗಾಣಿಯದು, ಕಾಲು ಚಾಚಿ ಮಲಗಿದರೆ ಕುತ್ತಿಗೆಯವರೆಗೆ ನೀರು ಬರುವಂಥದ್ದು. ಮದುವೆಗೆ ಮುಂಚೆ ಮನೆ ನೋಡಲು ಬಂದಾಗ ಅವಳು ಮನಸಾರೆ ಮೆಚ್ಚಿದ್ದು ಎರಡನ್ನೇ: ಹುಡುಗನನ್ನು ಮತ್ತು ಆ ತೊಟ್ಟಿಯನ್ನು. ಹುಡುಗ ಸಿಕ್ಕಿದ. ತೊಟ್ಟಿಯಲ್ಲಿ ಮಾತ್ರ ಆಗಲೇ ಅತ್ತೆಯ ಆಮೆ ಬೀಡುಬಿಟ್ಟಿತ್ತು. ನೀರಿನ ನಡುವೆ ಕೂರಲು ಎರಡು ಇಟ್ಟಿಗೆ, ಮೇಲೆ ಬಿಸಿಲಿನ ಬದಲಿಗೊಂದು ದೀಪ, ಮೂಲೆಯಲ್ಲಿ ತೇಲುವ ಅರ್ಧ ತಿಂದ ಸೊಪ್ಪಿನೆಲೆ. ನೆಂಟರಾದರೆ ಒಂದು ದಿನ ಹೊರಡುತ್ತಾರೆ ಎಂದು ಕಾಯಬಹುದಿತ್ತು.

ಇಪ್ಪತ್ತೆರಡು ವರ್ಷದ ಹಿಂದೆ ಅದನ್ನು ತಂದವರು ಮಾವ. ಆಗ ಅದು ಬಿಸ್ಕತ್ತಿನಷ್ಟಿತ್ತು, ಕಣ್ಣಿನ ಹಿಂದೆ ಕುಂಕುಮ ಎಳೆದಂತೆ ಕೆಂಪು ಪಟ್ಟಿ. "ಇದು ಇಷ್ಟೇ ಇರುತ್ತೆ ಸ್ವಾಮಿ, ಬೆಳೆಯೋ ಜಾತಿ ಅಲ್ಲ" ಎಂದು ಅಂಗಡಿಯವನು ಮಾವನಿಗೆ ಚಳ್ಳೆಹಣ್ಣು ತಿನ್ನಿಸಿದ್ದ. ಅದು ಊಟದ ತಟ್ಟೆಯ ಗಾತ್ರಕ್ಕೆ ಬಂದ ವರ್ಷ ಮಾವ ತೀರಿಕೊಂಡರು. ಅತ್ತೆ ಒಂದು ವಾರ ಯಾರ ಹತ್ತಿರವೂ ಮಾತಾಡಲಿಲ್ಲ. ಎಂಟನೆಯ ದಿನ ಬೆಳಿಗ್ಗೆ ಸ್ನಾನದ ಕೋಣೆಯಿಂದ ಅವರ ದನಿ ಕೇಳಿತು: "ಯಜಮಾನ್ರೇ, ಇವತ್ತು ಸೊಪ್ಪು ತಿಂತೀರೋ, ಮೀನು ತಿಂತೀರೋ?" ಅಂದಿನಿಂದ ಆಮೆಗೆ ಅದೇ ಹೆಸರು ನಿಂತಿತು. ಇದೆಲ್ಲ ಸೊಸೆ ಬರುವ ಮೊದಲಿನ ಕಥೆ. ಅವಳು ಬಂದಮೇಲೆ ಆ ಮನೆಯಲ್ಲಿ "ಯಜಮಾನ್ರು ಮಲಗಿದ್ದಾರೆ, ಬಕೆಟ್ ಸದ್ದು ಮಾಡಬೇಡ" ಎನ್ನುವುದು ದಿನದ ಮಾತಾಯಿತು.

ಇನ್ನು ಸೊಸೆಯ ಉದ್ಯೋಗ. ಹೊರಗಿನಿಂದ ಬಂದು ಊರಿನ ಕೆರೆಕೊಳಗಳನ್ನು ಹಾಳುಮಾಡುವ ಪ್ರಾಣಿಗಳನ್ನು ಹದ್ದುಬಸ್ತಿನಲ್ಲಿಡುವ ಕಚೇರಿಗೆ ಅವಳು ಮುಖ್ಯಸ್ಥೆ. ಮೇಜಿನ ಮೇಲೆ ಪೆನ್ನುಗಳು ಉದ್ದದ ಪ್ರಕಾರ ನಿಲ್ಲಬೇಕು. ಅರ್ಜಿಯಲ್ಲಿ ಒಂದು ಅಲ್ಪವಿರಾಮ ತಪ್ಪಿದ್ದರೂ ವಾಪಸ್ಸು ಕಳಿಸುವುದರಲ್ಲಿ ಅವಳದು ಎತ್ತಿದ ಕೈ. ಅಂಥವಳ ಕೈಗೇ ಕೆಂಪು ಕಿವಿಯ ಆಮೆಗಳ ಕಾನೂನು ಬಂತು. ಕಾನೂನೇನೋ ನ್ಯಾಯವಾಗಿಯೇ ಇತ್ತು. ಬಿಸ್ಕತ್ತಿನ ಗಾತ್ರ ನೋಡಿ ಕೊಂಡವರೆಲ್ಲ ತಟ್ಟೆಯ ಗಾತ್ರ ಬಂದಕೂಡಲೇ ತಂದು ಉದ್ಯಾನದ ಕೊಳಕ್ಕೆ ಬಿಟ್ಟು ಕೈ ತೊಳೆದುಕೊಂಡಿದ್ದರು. ಕೊಳದ ಮರದ ದಿಮ್ಮಿಯ ಮೇಲೆ ಬಿಸಿಲು ಕಾಯುವ ಅರವತ್ತು ಆಮೆಗಳಲ್ಲಿ ಆ ಊರಿನದು ಅನ್ನುವಂಥದ್ದು ಒಂದೂ ಉಳಿದಿರಲಿಲ್ಲ. ಕಪ್ಪೆಯ ಮೊಟ್ಟೆ ಇರಲಿಲ್ಲ, ತಾವರೆಯ ಎಲೆ ಇರಲಿಲ್ಲ. ಆದ್ದರಿಂದ ಹೊಸ ಕಾನೂನು: ಈ ಆಮೆಯನ್ನು ಮಾರುವಂತಿಲ್ಲ, ಕೊಳ್ಳುವಂತಿಲ್ಲ, ಸಾಕಿ ಮರಿ ಮಾಡಿಸುವಂತಿಲ್ಲ, ನೀರಿಗೆ ಬಿಡುವಂತಿಲ್ಲ. ಈಗಾಗಲೇ ಮನೆಯಲ್ಲಿ ಇರುವವರು ಆರು ತಿಂಗಳೊಳಗೆ ನೋಂದಾಯಿಸಿ, ಅದು ಸಾಯುವವರೆಗೆ ಇಟ್ಟುಕೊಳ್ಳಬಹುದು, ನೋಂದಾಯಿಸದಿದ್ದರೆ ಆಮೆ ಕಚೇರಿಯ ವಶ.

ಇದಕ್ಕೆ ಏಳನೆಯ ಕಲಂ ಬರೆದವಳು ಸ್ವತಃ ಸೊಸೆ. ನೋಂದಾಯಿಸಿದವರು ಆಮೆಯನ್ನು ಯಾರಿಗೂ ದಾನ ಕೊಡುವಂತಿಲ್ಲ, ಹಸ್ತಾಂತರಿಸುವಂತಿಲ್ಲ, ಪಾಲಕರು ತೀರಿಕೊಂಡರೆ ವಾರಸುದಾರರಿಗೂ ಹಕ್ಕಿಲ್ಲ, ಆಮೆಯನ್ನು ಕಚೇರಿಗೆ ಒಪ್ಪಿಸತಕ್ಕದ್ದು. ಇದಿಲ್ಲದಿದ್ದರೆ ಅಂಗಡಿಯವರೆಲ್ಲ ರಾತ್ರೋರಾತ್ರಿ ಗ್ರಾಹಕರನ್ನು ಚಿಕ್ಕಪ್ಪ ದೊಡ್ಡಪ್ಪ ಮಾಡಿಕೊಂಡು 'ದಾನ' ಕೊಡುತ್ತಾರೆಂದು ಅವಳಿಗೆ ಗೊತ್ತಿತ್ತು. ಮೇಲಧಿಕಾರಿಗಳು ಓದಿ, ಸೂಜಿ ತೂರುವಷ್ಟೂ ಸಂದಿಲ್ಲ ಎಂದು ಹೊಗಳಿದ್ದರು. ಅವಳು ಆ ಹೊಗಳಿಕೆಯನ್ನು ಗಂಡನಿಗೆ ಮೂರು ಸಲ ಹೇಳಿದ್ದಳು.

ಗಂಡ ಬೀಗ ರಿಪೇರಿಯವನು. ಹೆಂಡತಿಗೂ ತಾಯಿಗೂ ನಡುವೆ ಮಾತು ಬಿಸಿಯಾಯಿತೆಂದರೆ ಯಾವುದೋ ಮನೆಯ ಬೀಗ ಕೆಟ್ಟಿದೆಯೆಂದು ಹೊರಟುಬಿಡುತ್ತಿದ್ದ. ಆ ಊರಿನಲ್ಲಿ ಅಷ್ಟೊಂದು ಬೀಗ ಕೆಡುವುದು ಹೇಗೆಂದು ಯಾರೂ ಕೇಳಲಿಲ್ಲ.

ಕಾನೂನು ಜಾರಿಯಾದ ದಿನ ಸೊಸೆ ಮನೆಗೆ ಬಂದು ಬಾಯಿಗೆ ಬೀಗ ಹಾಕಿಕೊಂಡಳು. ಯೋಚಿಸಿ ಮಾಡಿದ್ದಲ್ಲ, ಮೊದಲ ದಿನ ಸುಮ್ಮನೆ ಮರೆತಿದ್ದಳು. ಎರಡನೆಯ ದಿನ ನೆನಪಾಯಿತು. ನೆನಪಾದಾಗ ಅವಳು ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು ತಲೆಗೆ ನೀರು ಹುಯ್ದುಕೊಳ್ಳುತ್ತಿದ್ದಳು, ತೊಟ್ಟಿಯ ಅಂಚಿನ ಮೇಲಿಂದ ಯಜಮಾನರು ಕತ್ತು ಉದ್ದಮಾಡಿ ಅವಳನ್ನು ನೋಡುತ್ತಿದ್ದರು. ಆರು ತಿಂಗಳು ಸುಮ್ಮನಿದ್ದರೆ ಸಾಕು ಎನ್ನುವ ಯೋಚನೆ ಅಲ್ಲಿ ಹುಟ್ಟಿತು. ತಾನು ಏನೂ ಮಾಡಬೇಕಿಲ್ಲ, ಮಾಡುವುದೆಲ್ಲ ಕಾನೂನು. ಅತ್ತೆ ಪತ್ರಿಕೆ ಓದುವುದಿಲ್ಲ, ಕಣ್ಣು ಮಂಜು ಎನ್ನುತ್ತಾರೆ. ಬಾಗಿಲು ಬಾಗಿಲಿಗೆ ಹಂಚಿದ ಕರಪತ್ರ ತಮ್ಮ ಬಾಗಿಲಿಗೆ ಬಂದಾಗ ಅವಳೇ ತೆಗೆದು ಕೈಚೀಲಕ್ಕೆ ಹಾಕಿಕೊಂಡಳು. ಗಡುವಿಗೆ ಎರಡು ದಿನ ಇರುವಾಗ ಗುಲಾಬಿ ವಾಸನೆಯ ಸ್ನಾನದ ಎಣ್ಣೆಯ ಒಂದು ಬಾಟಲಿಯನ್ನೂ ತಂದು ಟವೆಲ್ಲುಗಳ ಹಿಂದೆ ಬಚ್ಚಿಟ್ಟಳು.

ಗಡುವಿನ ಸಂಜೆ ಐದಕ್ಕೆ ಅವಳೇ ತನ್ನ ಕೈಯಾರೆ, ತನ್ನ ವಾರ್ಡಿನದೊಂದನ್ನು ಬಿಟ್ಟು, ಉಳಿದ ದಾಖಲೆ ಪುಸ್ತಕಗಳಿಗೆ ಮುಕ್ತಾಯದ ಮುದ್ರೆ ಒತ್ತಿದಳು.

ಒಂದು ಮಾತು ಇಲ್ಲಿ ಹೇಳಬೇಕು. ಕಚೇರಿಯಲ್ಲಿ ಇಷ್ಟು ಬಿಗಿಯಾಗಿದ್ದವಳು ಮನೆಯಲ್ಲಿ ಅತ್ತೆ ಮುಂದಿಟ್ಟ ಕಾಗದಕ್ಕೆಲ್ಲ ಓದದೆ ಸಹಿ ಹಾಕುತ್ತಿದ್ದಳು. ಬೆಳಿಗ್ಗೆ ಎಂಟಕ್ಕೆ ಬಾಯಲ್ಲಿ ಹೇರ್‌ಪಿನ್ನು ಕಚ್ಚಿ ಜಡೆ ಕಟ್ಟುವ ಹೊತ್ತಿಗೇ ಅತ್ತೆಗೆ ಕಾಗದಗಳು ನೆನಪಾಗುತ್ತಿದ್ದವು. ನೀರಿನ ಮೀಟರಿನದೋ, ಕಟ್ಟಡದ ಸಂಘದ್ದೋ, ವಿಮೆಯದೋ. "ಇಲ್ಲೊಂದು ಗೀಚಮ್ಮ" ಎಂದರೆ ಇವಳು ಎಡಗೈಯಲ್ಲಿ ಜಡೆ ಹಿಡಿದು ಬಲಗೈಯಲ್ಲಿ ಗೀಚಿ, ಕೆಳಗೆ ಎರಡು ಚುಕ್ಕೆ ಇಡುತ್ತಿದ್ದಳು. ಆ ಎರಡು ಚುಕ್ಕೆ ಇಲ್ಲದಿದ್ದರೆ ಅದು ತನ್ನ ಸಹಿಯೇ ಅಲ್ಲ ಎಂದು ಕಚೇರಿಯಲ್ಲಿ ಸುತ್ತೋಲೆಯನ್ನೇ ಹೊರಡಿಸಿದ್ದಳು.

ಗಡುವು ಮುಗಿದ ಮೂರನೆಯ ದಿನ ಅವಳು ಕಚೇರಿಯ ಹಿಂದಿನ ದಾಸ್ತಾನು ಕೋಣೆಗೆ ಹೋದಳು. ನೋಂದಣಿಯಾಗದೆ ಸಿಕ್ಕ ಆಮೆಗಳನ್ನು ನೀಲಿ ಪ್ಲಾಸ್ಟಿಕ್ಕಿನ ಟಬ್ಬುಗಳಲ್ಲಿ ಇಟ್ಟಿದ್ದರು. ಪಶುವೈದ್ಯೆ ಒಂದೊಂದನ್ನೇ ಎತ್ತಿ ಪಟ್ಟಿಯಲ್ಲಿ ಗುರುತು ಹಾಕುತ್ತಿದ್ದಳು.

"ಇವೆಲ್ಲ ಎಲ್ಲಿಗೆ ಹೋಗ್ತವೆ?" ಸೊಸೆ ಕೇಳಿದಳು.

"ಎಲ್ಲಿಗೂ ಇಲ್ಲ ಮೇಡಂ. ಶುಕ್ರವಾರ ಸೂಜಿ, ಅಲ್ಲಿಗೆ ಮುಗೀತು. ನೀವೇ ಸಹಿ ಮಾಡಿದ್ದೀರಲ್ಲ."

ಅವಳು ಸಹಿ ಮಾಡಿದ್ದು ನಿಜ. ಓದಿಯೇ ಮಾಡಿದ್ದಳು. ಆದರೆ ಕಾಗದದಲ್ಲಿ ಅವು ಬರೀ ಸಂಖ್ಯೆಗಳಾಗಿದ್ದವು. ಟಬ್ಬಿನ ಮೇಲೆ ಅವಳ ನೆರಳು ಬಿದ್ದಕೂಡಲೇ ಒಂದು ದೊಡ್ಡ ಆಮೆ ಕತ್ತು ಉದ್ದ ಮಾಡಿ ಬಾಯಿ ತೆರೆಯಿತು, ಯಾರೋ ತಿನ್ನಲು ಕೊಡುತ್ತಾರೆಂದು. ಯಜಮಾನರೂ ಹೀಗೆಯೇ ಮಾಡುತ್ತಿದ್ದರು. ಹನ್ನೊಂದು ವರ್ಷದಲ್ಲಿ ಅವಳು ಒಂದು ದಿನವೂ ಏನೂ ಕೊಟ್ಟಿರಲಿಲ್ಲ, ಆದರೂ ಅವಳನ್ನು ಕಂಡಾಗಲೆಲ್ಲ ಅವರು ಬಾಯಿ ತೆರೆಯುವುದನ್ನು ಬಿಟ್ಟಿರಲಿಲ್ಲ. ಸೊಸೆ ಟಬ್ಬಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಒಂದು ತೊಟ್ಟಿಯ ಆಸೆಗೆ ತಾನು ಎಂಥ ಕೆಲಸಕ್ಕೆ ಇಳಿದೆ ಎಂದು ಮೊದಲ ಬಾರಿಗೆ ಅನ್ನಿಸಿತು.

ಮಧ್ಯಾಹ್ನವೇ ಮನೆಗೆ ಬಂದಳು. ಅತ್ತೆ ತೊಟ್ಟಿಯ ಪಕ್ಕ ಮಣೆ ಹಾಕಿಕೊಂಡು ಕೂತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಯಜಮಾನರ ಬೆನ್ನು ತಿಕ್ಕುತ್ತಿದ್ದರು. ಅವಳು ಬಾಗಿಲಿನಲ್ಲಿ ನಿಂತು, ತಿರುಗಿಸಿ ಮುರುಗಿಸಿ, ಹೊಸ ಕಾನೂನೊಂದು ಬಂದಿದೆ, ದಿನ ಮೀರಿಹೋಗಿದೆ ಎಂದಳು. ಕರಪತ್ರದ ಮಾತು ಎತ್ತಲಿಲ್ಲ.

"ಅಯ್ಯೋ ಪಾಪ," ಎಂದರು ಅತ್ತೆ, ಬ್ರಷ್ಷು ನಿಲ್ಲಿಸದೆ. "ನಿಂಗೆ ಕೆಲಸ ಜಾಸ್ತಿ, ಮರ್ತುಹೋಯ್ತೇನೋ. ಈಗೇನು ಮಾಡೋದು?"

"ಯಾರಿಗೂ ಹೇಳಬೇಡಿ. ಅಷ್ಟೇ."

"ಕಾನೂನಿಗೆ ವಿರುದ್ಧ ಅಲ್ವೇನಮ್ಮಾ?"

"ವಿರುದ್ಧನೇ."

"ನೀನು ಹೇಳ್ತಾ ಇರೋದು?"

"ನಾನೇ ಹೇಳ್ತಾ ಇರೋದು, ಅತ್ತೆ."

ಅತ್ತೆ ತಲೆ ತಗ್ಗಿಸಿ ಇನ್ನಷ್ಟು ಜೋರಾಗಿ ಬ್ರಷ್ಷು ತಿಕ್ಕಿದರು. ಅವರ ಭುಜ ಸ್ವಲ್ಪ ಅಲುಗುತ್ತಿತ್ತು. ಅಳುತ್ತಿದ್ದಾರೆಂದು ಸೊಸೆ ತಿಳಿದಳು.

ಮಾರನೆಯ ದಿನ ಕಚೇರಿಯಲ್ಲಿ ಅವಳು ನೆನೆಸದಿದ್ದ ಸಂಗತಿ ನಡೆಯಿತು. ಅವಳ ಬೀದಿಯಿದ್ದ ವಾರ್ಡು ಅವಳ ಕೆಳಗಿನ ಪರಿವೀಕ್ಷಕನದು. ಸಿಬ್ಬಂದಿಯ ಮನೆಯಿರುವ ವಾರ್ಡಿನ ದಾಖಲೆಯನ್ನು ಆ ಸಿಬ್ಬಂದಿ ಮುಟ್ಟಬಾರದು, ಅದರ ಬಗ್ಗೆ ಅವರ ಹತ್ತಿರ ಯಾರೂ ಮಾತಾಡಬಾರದು ಎನ್ನುವ ನಿಯಮ ಮಾಡಿದವಳೂ ಅವಳೇ. ಪರಿವೀಕ್ಷಕ ಎಲ್ಲಿಗೆ ಹೋದರೂ ಬಗಲಲ್ಲಿ ತೂಕದ ಯಂತ್ರ ಹಿಡಿದೇ ಹೋಗುತ್ತಿದ್ದ, ಹಾಗಾಗಿ ಎಲ್ಲರೂ ಅವನನ್ನು ತಕ್ಕಡಿ ಎಂದೇ ಕರೆಯುತ್ತಿದ್ದರು.

"ಮೇಡಂ, ಮಂಗಳವಾರ ಹತ್ತು ಗಂಟೆಗೆ ನಿಮ್ಮ ಬೀದಿಗೆ ಪರಿಶೀಲನೆಗೆ ಬರ್ತಿದ್ದೀನಿ," ಎಂದ ತಕ್ಕಡಿ. "ನಿಮ್ಮ ಮನೆಗೂ."

"ನಮ್ಮನೆಗೆ ಯಾಕೆ?"

ತಕ್ಕಡಿ ಅವಳ ತಲೆಯ ಮೇಲೆ ಗೋಡೆಗೆ ಅಂಟಿಸಿದ್ದ ಫಲಕವನ್ನು ನೋಡಿದ. ಯಾರಿಗೂ ವಿನಾಯಿತಿ ಇಲ್ಲ ಎಂದು ಅದರಲ್ಲಿ ಬರೆದಿತ್ತು, ಅವಳದೇ ಅಕ್ಷರದಲ್ಲಿ. "ಎಲ್ಲರಿಗೂ ಒಂದೇ ನಿಯಮ ಅಂತ ನೀವೇ ಹೇಳಿಕೊಟ್ಟಿದ್ದಲ್ವಾ," ಎಂದು ಮೆತ್ತಗೆ ಅಂದು, ಯಂತ್ರವನ್ನು ಬಗಲಿಗೆ ಸರಿಸಿಕೊಂಡು ಹೋದ.

ಅಲ್ಲಿಂದ ಮಂಗಳವಾರದವರೆಗೆ ಆ ಮನೆಯಲ್ಲಿ ನಡೆದದ್ದನ್ನು ನೋಡಲು ಎರಡು ಕಣ್ಣು ಸಾಲದು. ಎಳ್ಳಷ್ಟೂ ಸುಳ್ಳು ಹೇಳದ ಸೊಸೆ ಕಳ್ಳಸಾಗಣೆಗೆ ತಾಲೀಮು ಶುರುಮಾಡಿದಳು. ಉಪಾಯ ಹೇಳಿಕೊಡಲು ಅತ್ತೆ ಸಂತೋಷದಿಂದ ಮುಂದೆ ಬಂದರು. ಮೊದಲು ಬಟ್ಟೆ ಒಗೆಯುವ ಯಂತ್ರದೊಳಗೆ ಇಡೋಣ ಎಂದರು. ಇಟ್ಟರು. ಯಜಮಾನರು ಒಳಗಿನಿಂದ ಗಾಜಿಗೆ ಮುಖವಿಟ್ಟು ಹೊರಗಿನವರನ್ನು ನೋಡುತ್ತ ನಿಂತರು, ಪಾಸ್‌ಪೋರ್ಟಿನ ಫೋಟೋದಂತೆ. ಆಮೇಲೆ ಮಾಸಿದ ಬಟ್ಟೆಯ ಬುಟ್ಟಿ. ಐದೇ ನಿಮಿಷದಲ್ಲಿ ಸೊಸೆಯ ಗಂಡನ ಬನಿಯನ್ನು ಹೊದ್ದುಕೊಂಡು ಬುಟ್ಟಿಯ ಸಮೇತ ಹಜಾರಕ್ಕೆ ನಡೆದುಬಂದರು.

"ಟೋಪಿ ಅಂತ ನಾನೇ ತಲೆ ಮೇಲೆ ಇಟ್ಕೊಂಡು ಕೂತ್ಕೊಳ್ಳಲಾ?" ಅತ್ತೆ ಗಂಭೀರವಾಗಿ ಕೇಳಿದರು.

"ಅತ್ತೆ, ಇದು ತಮಾಷೆ ಅಲ್ಲ. ಅವನು ಕಂಡುಹಿಡಿದ್ರೆ ಶುಕ್ರವಾರ..." ಸೊಸೆ ಮುಖ ತಿರುಗಿಸಿ ಒದ್ದೆ ನೆಲ ಒರೆಸತೊಡಗಿದಳು.

ಅತ್ತೆ ಅವಳನ್ನೇ ಸ್ವಲ್ಪ ಹೊತ್ತು ನೋಡಿದರು. ಏನೋ ಹೇಳಲು ಬಾಯಿ ತೆರೆದು ಮತ್ತೆ ಮುಚ್ಚಿಕೊಂಡರು. ಇನ್ನೆರಡು ದಿನ ತಾನೇ ಎಂದು ಅವರಿಗೆ ಅನ್ನಿಸಿರಬೇಕು. ಗಂಡ ಇಷ್ಟನ್ನೂ ಬಾಗಿಲಲ್ಲಿ ನಿಂತು ನೋಡಿ, ಯಾರದೋ ಬೀಗ ಕೆಟ್ಟಿದೆಯೆಂದು ಹೊರಟುಹೋದ.

ಕೊನೆಗೆ ಸೊಸೆಯೇ ಜಾಗ ಆರಿಸಿದಳು. ಕಚೇರಿಯಿಂದ ತಂದ ಗಟ್ಟಿ ರಟ್ಟಿನ ಪೆಟ್ಟಿಗೆ, ಮೇಲೆ 'ಹಳೆಯ ಕಡತಗಳು, ತೆರೆಯಬಾರದು' ಎಂದು ಚೀಟಿ. ಸರ್ಕಾರಿ ನೌಕರನಾದವನು ಹಳೆಯ ಕಡತದ ಪೆಟ್ಟಿಗೆಯನ್ನು ತಾನಾಗಿ ತೆರೆಯುವುದಿಲ್ಲ ಎನ್ನುವುದು ಅವಳ ಇಪ್ಪತ್ತು ವರ್ಷದ ಅನುಭವ. ಪಕ್ಕಕ್ಕೆ ಗಾಳಿಯಾಡಲು ಒಂಬತ್ತು ತೂತು ಮಾಡಿದಳು. ಅಡಿಗೆ ಒದ್ದೆ ಟವೆಲ್ಲು ಹಾಸಿದಳು. ಯಾರೂ ಇಲ್ಲದಾಗ ಒಂದು ಸೊಪ್ಪಿನೆಲೆಯನ್ನು ಯಜಮಾನರ ಬಾಯಿಯ ಹತ್ತಿರ ಹಿಡಿದು ನೋಡಿದಳು. ಅವರು ಎಲೆಯ ಜೊತೆಗೆ ಬೆರಳನ್ನೂ ಸ್ವಲ್ಪ ಕಚ್ಚಿದರು.

ಮಂಗಳವಾರ ಹತ್ತಕ್ಕೆ ಸರಿಯಾಗಿ ತಕ್ಕಡಿ ಬಂದ. ಯಂತ್ರವನ್ನು ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕೂತ. ಅವನ ಮೊಣಕಾಲಿಗೆ ಒಂದು ಗೇಣು ದೂರದಲ್ಲಿ ಹಳೆಯ ಕಡತಗಳ ಪೆಟ್ಟಿಗೆ ಇತ್ತು. ಅತ್ತೆ ಚಹಾ ತಂದುಕೊಟ್ಟು, ಎದುರಿನ ಸೋಫಾದಲ್ಲಿ ನಾಟಕದ ಮೊದಲ ಸಾಲಿನಲ್ಲಿ ಜಾಗ ಸಿಕ್ಕವರ ಹಾಗೆ ಕಾಲು ಮಡಿಸಿ ಕೂತರು.

ಪೆಟ್ಟಿಗೆಯೊಳಗಿಂದ ಕೆರೆಯುವ ಸದ್ದು ಬಂತು.

"ಏನದು ಮೇಡಂ?"

"ಇಲಿ," ಎಂದಳು ಸೊಸೆ. ಅದು ಅವಳು ಅಧಿಕಾರಿಯೊಬ್ಬರಿಗೆ ಹೇಳಿದ ಮೊದಲ ಸುಳ್ಳು, ಕಿವಿಯ ತುದಿ ಕೆಂಪಾಯಿತು.

"ಕಡತದಲ್ಲಿ ಇಲೀನಾ?"

"ದೊಡ್ಡ ಇಲಿ," ಎಂದು ಅತ್ತೆ ಸೊಸೆಯ ಬೆಂಬಲಕ್ಕೆ ಬಂದರು. "ಎರಡು ಕಿಲೋ ಮೇಲಿದೆ."

ಪೆಟ್ಟಿಗೆ ತಾನಾಗಿ ನಾಲ್ಕು ಬೆರಳು ಮುಂದೆ ಸರಿಯಿತು. ತಕ್ಕಡಿ ಚಹಾದ ಬಟ್ಟಲನ್ನು ಕೆಳಗಿಟ್ಟ. ಒಂಬತ್ತು ತೂತುಗಳಲ್ಲಿ ಒಂದರಿಂದ ಒಂದು ಉಗುರು ಹೊರಗೆ ಬಂದು ಒಳಗೆ ಹೋಯಿತು.

ಆಗ ಸೊಸೆಗೆ ಏನಾಯಿತೋ, ಅವಳು ಎದ್ದು ಪೆಟ್ಟಿಗೆಗೂ ತಕ್ಕಡಿಗೂ ನಡುವೆ ನಿಂತಳು. "ಅದು ಇಲಿ ಅಲ್ಲ. ಆಮೆ," ಎಂದಳು. "ಇಪ್ಪತ್ತೆರಡು ವರ್ಷದಿಂದ ಈ ಮನೇಲಿದೆ. ನೋಂದಣಿ ಆಗಿಲ್ಲ. ನಮ್ಮತ್ತೆದು ಏನೂ ತಪ್ಪಿಲ್ಲ, ಅವರಿಗೆ ಗೊತ್ತೇ ಇರಲಿಲ್ಲ. ಗೊತ್ತಾಗದ ಹಾಗೆ ನೋಡ್ಕೊಂಡಿದ್ದು ನಾನು. ಕರಪತ್ರ ಬಂದಿತ್ತು, ನಾನೇ ಬಚ್ಚಿಟ್ಟೆ. ಮರ್ತಿದ್ದಲ್ಲ, ಬೇಕಂತಲೇ ಮಾಡಿದ್ದು."

"ಯಾಕೆ ಮೇಡಂ?" ತಕ್ಕಡಿಯ ಬಾಯಿ ತೆರೆದೇ ಇತ್ತು.

"ತೊಟ್ಟಿಗೆ." ಅವಳಿಗೆ ಅತ್ತೆಯ ಕಡೆ ನೋಡುವ ಧೈರ್ಯ ಇರಲಿಲ್ಲ. "ಒಂದು ದಿನ ಕಾಲು ಚಾಚಿ ಸ್ನಾನ ಮಾಡಬೇಕು ಅಂತ ಆಸೆ ಇತ್ತು. ಬರ್ಕೊಳ್ಳಿ. ನನ್ನ ಮೇಲೆ ಏನು ಕ್ರಮ ಬೇಕಾದ್ರೂ ತಗೊಳ್ಳಿ, ಕೆಲಸ ಹೋದ್ರೆ ಹೋಗ್ಲಿ. ಆದ್ರೆ ಇದನ್ನ ಶುಕ್ರವಾರದ ಪಟ್ಟಿಗೆ ಸೇರಿಸ್ಬೇಡಿ. ಅದಕ್ಕೆ ಏನು ದಾರಿ ಇದೆಯೋ ನನಗೂ ಗೊತ್ತಿಲ್ಲ. ಏಳನೇ ಕಲಂ ಬರೆದವಳೇ ನಾನು. ಒಂದು ಸಂದೂ ಬಿಟ್ಟಿಲ್ಲ."

ಪೆಟ್ಟಿಗೆಯೊಳಗೆ ಯಜಮಾನರು ಕೆರೆಯುತ್ತಲೇ ಇದ್ದರು. ತಕ್ಕಡಿ ನಿಧಾನವಾಗಿ ಚೀಲ ತೆರೆದು ಒಂದು ಕಡತ ಹೊರತೆಗೆದ. ಹಾಳೆ ತಿರುವಿದ. ಅವಳ ಮುಖ ನೋಡಿದ. ಮತ್ತೆ ಹಾಳೆ ನೋಡಿದ.

"ಮೇಡಂ, ನೋಂದಣಿ ಆಗದೇ ಇರೋ ಮನೆಗೆ ನಾನ್ಯಾಕೆ ಬರ್ತೀನಿ? ನಾನು ಬಂದಿರೋದು ಆರು ತಿಂಗಳ ತೂಕಕ್ಕೆ. ನೋಂದಣಿ ಸಂಖ್ಯೆ ಒಂದು. ಕಾನೂನು ಬಂದ ನಾಲ್ಕನೇ ದಿನಾನೇ ಆಗಿದೆ. ಇಡೀ ಊರಿಗೆ ಮೊದಲನೇ ಅರ್ಜಿ ನಿಮ್ಮದೇ."

"ನಂದಾ?"

ಅವನು ಹಾಳೆಯನ್ನು ಅವಳ ಮುಂದೆ ಹಿಡಿದ. ಆಮೆಯ ಹೊಟ್ಟೆಯ ಕಲೆಗಳು ಸ್ಪಷ್ಟವಾಗಿ ಕಾಣುವ ಫೋಟೋ, ಇದ್ದಷ್ಟೂ ಜಾಗ ತುಂಬಿಸಿ ಬರೆದ ವಿವರ, ಎಲ್ಲ ಅಲ್ಪವಿರಾಮಗಳೂ ಇದ್ದಲ್ಲೇ ಇದ್ದವು. ಪಾಲಕರು ಎನ್ನುವ ಕಡೆ ಅವಳ ಹೆಸರು. ಅದರ ಕೆಳಗೆ ಅವಳ ಸಹಿ. ಸಹಿಯ ಕೆಳಗೆ ಎರಡು ಚುಕ್ಕೆ.

ಸೊಸೆ ಅತ್ತೆಯ ಕಡೆ ತಿರುಗಿದಳು. ಅತ್ತೆ ಸೋಫಾದ ಮೇಲಿನ ಇಲ್ಲದ ಧೂಳು ಕೊಡವುತ್ತಿದ್ದರು.

"ಕಟ್ಟಡದ ಸಂಘದ ಕಾಗದ ಅಂದಿದ್ರಿ," ಎಂದಳು.

"ಅಂದಿದ್ದೆನಾ? ನೀನು ಓದಬಹುದಿತ್ತು."

"ನಿಮಗೆ ಕಣ್ಣು ಕಾಣಲ್ಲ ಅಂತಿದ್ರಿ."

"ಪತ್ರಿಕೆ ಓದೋದು ಬೇಜಾರು, ಅದಕ್ಕೆ ಹಾಗೆ ಹೇಳೋದು. ನಮ್ಮ ಬೀದಿಯ ಕಂಬಕ್ಕೆಲ್ಲ ನೀನೇ ಅಂಟಿಸಿದ್ದೀಯಲ್ಲ, ದಪ್ಪ ಅಕ್ಷರದಲ್ಲಿ. ಮೂರು ದಿನ ನೋಡ್ದೆ, ನೀನು ಹೇಳ್ತೀಯಾ ಅಂತ. ಹೇಳಲಿಲ್ಲ." ಅತ್ತೆಯ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ಆ ಗುಲಾಬಿ ಎಣ್ಣೆ ನೋಡಿದಾಗ ನಗು ತಡೆಯಕ್ಕಾಗಲಿಲ್ಲ ನಂಗೆ. ವಾಸನೆ ಚೆನ್ನಾಗಿದೆ. ಎರಡು ಸಲ ಹಚ್ಕೊಂಡೆ."

ತಕ್ಕಡಿ ತನಗೆ ಸಂಬಂಧವಿಲ್ಲದ ಮಾತೆಂದು ಕೆಳಗೆ ಬಗ್ಗಿ ಪೆಟ್ಟಿಗೆ ತೆರೆದ. ಯಜಮಾನರನ್ನು ಎತ್ತಿ ಯಂತ್ರದ ಮೇಲೆ ಕೂರಿಸಿದ, ತಿರುಗಿಸಿ ಹೊಟ್ಟೆ ನೋಡಿದ, ಉಗುರು ಅಳೆದ. "ಎರಡು ಕಿಲೋ ಮುನ್ನೂರು. ಆರೋಗ್ಯ ಚೆನ್ನಾಗಿದೆ. ಹೆಣ್ಣು," ಎಂದು ಬರೆದುಕೊಂಡ.

"ಯಜಮಾನ್ರು ಹೆಣ್ಣಾ?" ಸೊಸೆಗೆ ಒಂದೇ ದಿನಕ್ಕೆ ಇಷ್ಟು ಅತಿಯಾಯಿತು.

"ಗೊತ್ತಿತ್ತು ಕಣೆ," ಎಂದರು ಅತ್ತೆ. "ಈ ಮನೇಲಿ ಯಜಮಾನಿಕೆ ಯಾವತ್ತು ಗಂಡಸರ ಕೈಲಿತ್ತು?"

ತಕ್ಕಡಿ ಹೋದ. ಅವಳು ಹೇಳಿದ ತಪ್ಪೊಪ್ಪಿಗೆಗೆ ಅವನ ನಮೂನೆಯಲ್ಲಿ ಜಾಗವಿರಲಿಲ್ಲ, ಹಾಗಾಗಿ ಅದನ್ನು ಎಲ್ಲಿಯೂ ಬರೆಯಲಿಲ್ಲ. ಬಾಗಿಲು ಹಾಕಿ ಬಂದು ಸೊಸೆ ಅತ್ತೆಯ ಎದುರು ನೆಲದ ಮೇಲೆ ಕೂತಳು. ಯಜಮಾನರು ಇಬ್ಬರ ನಡುವೆ ಮೇಜಿನ ಕಾಲಿನ ಕಡೆ ಹೊರಟಿದ್ದರು.

"ಎಲ್ಲ ಮೊದಲೇ ಗೊತ್ತಿತ್ತು. ನಾನು ಯಾಕೆ ಸುಮ್ಮನಿದ್ದೆ ಅಂತಾನೂ ಗೊತ್ತಿತ್ತು. ಆದ್ರೂ ನನ್ನ ಹೆಸರಲ್ಲಿ ಯಾಕೆ ಮಾಡಿಸಿದ್ರಿ? ನಿಮ್ಮ ಹೆಸರಲ್ಲೇ ಮಾಡಿಸಬಹುದಿತ್ತಲ್ಲ."

ಅತ್ತೆ ಈ ಸಲ ನಗಲಿಲ್ಲ. "ನಂಗೆ ಎಪ್ಪತ್ತೆಂಟು. ಅದಿನ್ನೂ ಇಪ್ಪತ್ತು ವರ್ಷ ಬದುಕುತ್ತೆ. ನನ್ನ ಹೆಸರಲ್ಲಿದ್ರೆ ನಾನು ಹೋದ ದಿನಾನೇ ಅದನ್ನೂ ಕರ್ಕೊಂಡು ಹೋಗ್ತಿದ್ರು. ವಾರಸುದಾರರಿಗೆ ಕೊಡೋ ಹಾಗಿಲ್ಲ ಅಂತ ನೀನೇ ಬರೆದಿದ್ದೀಯಲ್ಲ. ನಾಲ್ಕು ಸಲ ಓದ್ದೆ. ಎಲ್ಲೂ ಸಂದಿಲ್ಲ. ಇವಳು ಕೆಲಸ ಚೆನ್ನಾಗಿ ಮಾಡ್ತಾಳೆ ಅನ್ನಿಸ್ತು."

"ನಾನು ನೋಡ್ಕೋತೀನಿ ಅಂತ ಹೇಗೆ ನಂಬಿದ್ರಿ?"

"ನಂಬಿರಲಿಲ್ಲ," ಎಂದರು ಅತ್ತೆ. "ಅದಕ್ಕೇ ಅಲ್ವಾ ಇಷ್ಟು ದಿನ ಹೇಳದೆ ನೋಡ್ದೆ."

ಸೊಸೆಗೆ ಅಳು ಬಂತು, ನಗುವೂ ಬಂತು. ಎರಡನ್ನೂ ತಡೆಯಲಿಲ್ಲ. ಅವಳ ಏಳನೆಯ ಕಲಮಿನ ಪ್ರಕಾರ ಯಜಮಾನರನ್ನು ಅವಳು ಇನ್ನು ಮಾರುವಂತಿರಲಿಲ್ಲ, ಕೊಡುವಂತಿರಲಿಲ್ಲ, ಬಿಡುವಂತಿರಲಿಲ್ಲ.

ಮರುದಿನ ಬೆಳಿಗ್ಗೆ ಎಂಟಕ್ಕೆ ಬಾಯಲ್ಲಿ ಹೇರ್‌ಪಿನ್ನು ಕಚ್ಚಿ ಅವಳು ಜಡೆ ಕಟ್ಟುತ್ತಿದ್ದಾಗ ಅತ್ತೆ ಕಾಗದ ತಂದಿಟ್ಟರು. ನಾಲ್ಕು ಹಾಳೆಗಳು. "ಇಲ್ಲೊಂದು ಗೀಚಮ್ಮ," ಎಂದರು. ಅವಳು ಪಿನ್ನು ತೆಗೆದು ಪಕ್ಕಕ್ಕಿಟ್ಟು, ಜಡೆ ಬಿಟ್ಟು, ಕುರ್ಚಿ ಎಳೆದುಕೊಂಡು ಕೂತು ಓದಿದಳು. ಎಲ್ಲ ಅತ್ತೆಯ ದುಂಡು ಅಕ್ಷರ. ದೀಪದ ಬಲ್ಬು ಆರು ತಿಂಗಳಿಗೊಮ್ಮೆ ಬದಲಿಸುವುದು. ಮೀನು ವಾರಕ್ಕೆ ಎರಡೇ ಸಲ, ಎಷ್ಟು ಬಾಯಿ ತೆರೆದರೂ ಮೂರನೆಯ ಸಲ ಕೊಡಬಾರದು. ಬೆನ್ನಿನ ಎಡಭಾಗ ತಿಕ್ಕಿದರೆ ಇಷ್ಟ, ಬಲಭಾಗ ಆಗದು. ಚಳಿಯಲ್ಲಿ ತಿನ್ನದಿದ್ದರೆ ಹೆದರಬೇಡ. ಕೆಲವು ದಿನ ಕಾರಣವಿಲ್ಲದೆ ಮುಖ ಒಳಗೆ ಎಳೆದುಕೊಂಡು ಕೂತಿರುತ್ತೆ, ನಿನ್ನ ಹಾಗೆ. ಮಾತಾಡಿಸಲು ಹೋಗಬೇಡ, ಹತ್ತಿರದಲ್ಲಿ ಸುಮ್ಮನೆ ಕೂತಿರು, ತಾನಾಗಿ ಹೊರಗೆ ಬರುತ್ತೆ. ಕೊನೆಯ ಹಾಳೆಯಲ್ಲಿ ಒಂದೇ ಸಾಲು ಇತ್ತು: ಭಾನುವಾರ ಎರಡು ಗಂಟೆ ಯಜಮಾನರನ್ನು ಬಕೆಟ್ಟಿಗೆ ಹಾಕಬಹುದು, ತೊಟ್ಟಿ ಚೆನ್ನಾಗಿ ತೊಳೆದುಕೊಳ್ಳತಕ್ಕದ್ದು.

ಅವಳು ಹಾಳೆಗಳನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದಳು. ಏನೂ ಇರಲಿಲ್ಲ. ಸಹಿ ಹಾಕಿ, ಕೆಳಗೆ ಎರಡು ಚುಕ್ಕೆ ಇಟ್ಟು, ಅತ್ತೆಯ ಕೈಗೆ ಕೊಡದೆ ತನ್ನ ಕೈಚೀಲದಲ್ಲಿ ಕರಪತ್ರವಿದ್ದ ಜಾಗದಲ್ಲೇ ಇಟ್ಟುಕೊಂಡಳು. ಆಮೇಲೆ ಯಜಮಾನರಿಗೆ ಸೊಪ್ಪು ಹಾಕಲು ಹೋದಳು.